ಐದು ಮೈಲಿಯೊಳಗಿನ ಮನೆ

ಕರಾವಳಿಯ ನಮ್ಮ ಜನರು ಪರಸ್ಥಳಕ್ಕೆ ಹೋಗಿ ದುಡಿಯುವುದು ಮುಖ್ಯವಾಗಿ ಎರಡು ಉದ್ದೇಶಗಳಿಗಾಗಿ. ಒಂದು, ಮನೆಯ ಹೆಣ್ಣುಮಕ್ಕಳ ಮದುವೆ; ಇನ್ನೊಂದು, ಊರಿನಲ್ಲಿ ತನ್ನದೆಂಬ ಒಂದು ಮನೆ. ಮೊದಲನೆಯದನ್ನು ಕುರಿತು ಉಪದೇಶ ಮಾಡುವವರು ಸಾಕಷ್ಟು ಮಂದಿ ಇದ್ದಾರೆ. ಎರಡನೆಯದನ್ನು ಕುರಿತು ಯಾರೂ ಏನನ್ನೂ ಹೇಳುವುದಿಲ್ಲ. ಮಟ್ಟಾಂಚೇರಿಯ ಹೋಟೆಲಿನ ಅಟ್ಟದ ಮೇಲೆ ಮಲಗಿ, ಎರ್ನಾಕುಳಂ ತಿರುವನಂತಪುರಗಳ ಆಫೀಸುಗಳಲ್ಲಿ ಕಾಗದಪತ್ರಗಳ ನಡುವೆ ಕಣ್ಣು ಸವೆಸಿ, ಹತ್ತು ಹದಿನೈದು ವರ್ಷ ಉಳಿಸಿದ ಹಣವು ಕೊನೆಗೊಂದು ದಿನ ಬ್ಯಾಂಕಿನ ಸಾಲವನ್ನೂ ಜೊತೆಗೂಡಿಸಿಕೊಂಡು, ಎರಡು ಮಳೆಗಾಲಗಳ ನಡುವಣ ಏಳೆಂಟು ತಿಂಗಳುಗಳಲ್ಲಿ ಸಿಮೆಂಟು, ಕಬ್ಬಿಣ, ಜಲ್ಲಿಗಳಾಗಿ ಮಾರ್ಪಡುತ್ತದೆ. ಹಣ ಕೊಟ್ಟ ಯಜಮಾನ ಮಾತ್ರ ಅಲ್ಲಿರುವುದಿಲ್ಲ. ಯಾವ ಕಲ್ಲು, ಎಷ್ಟು ದಪ್ಪದ ತಾರಸಿ, ಎಲ್ಲಿಯ ಮರಳು ಎಂಬ ನಿರ್ಣಯವೆಲ್ಲ ಮೇಸ್ತ್ರಿಯದೋ ಕಂಟ್ರಾಕ್ಟುದಾರನದೋ ಆಗಿರುತ್ತದೆ. ಗೃಹಪ್ರವೇಶದ ದಿನ ರಜೆ ಹಾಕಿ ಹೋಗಿ, ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಂಡು, ಮೂರನೆಯ ದಿನ ರೈಲು ಹತ್ತಿ ಹಿಂದಿರುಗುವುದಷ್ಟೆ ಯಜಮಾನನ ಪಾಲಿಗೆ ಬರುವುದು.

ಈ ನಿರ್ಣಯದಲ್ಲಿ ನಮ್ಮ ಕಿಸೆಯ ಪ್ರಶ್ನೆಯೂ ಇದೆ, ನಮ್ಮ ಊರಿನ ಹೊಳೆ ಗುಡ್ಡಗಳ ಪ್ರಶ್ನೆಯೂ ಇದೆ. ಇವೆರಡೂ ಬೇರೆ ಬೇರೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲವೆಂಬುದನ್ನು ತೋರಿಸುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಾವು ಅನ್ನ ಉಣ್ಣುತ್ತಿರುವ ಈ ಮಲೆಯಾಳ ದೇಶದಲ್ಲಿಯೇ ಅದಕ್ಕೆ ಒಳ್ಳೆಯ ದೃಷ್ಟಾಂತಗಳಿವೆ.

ಮೊದಲು ಸಿಮೆಂಟಿನ ಸಂಗತಿ. ಸಿಮೆಂಟು ಎಂದರೆ ಸುಣ್ಣದ ಕಲ್ಲನ್ನು ಜೇಡಿಯೊಡನೆ ಸುಮಾರು 1,450 ಡಿಗ್ರಿಯ ಉರಿಯಲ್ಲಿ ಬೇಯಿಸಿ ಅರೆದ ಪುಡಿ. ನಮ್ಮ ದೋಸೆ ಕಾವಲಿಯ ಬಿಸಿಯು ಇದರ ಆರನೆಯ ಒಂದು ಪಾಲೂ ಆಗಲಾರದು. ಅಷ್ಟು ಉರಿಗೆ ಬೇಕಾಗುವ ಕಲ್ಲಿದ್ದಲಿನ ಹೊಗೆ ಒಂದು ಕಡೆ ಇರಲಿ. ಸುಣ್ಣದ ಕಲ್ಲೇ ಬೇಯುವಾಗ ತನ್ನೊಳಗಿನಿಂದ ಇಂಗಾಲಾಮ್ಲ ವಾಯುವನ್ನು ಹೊರಗೆ ಬಿಡುತ್ತದೆ. ನೂರು ಕಿಲೋ ಶುದ್ಧವಾದ ಸುಣ್ಣದ ಕಲ್ಲನ್ನು ಸುಟ್ಟರೆ ಐವತ್ತಾರು ಕಿಲೋ ಸುಣ್ಣ ಉಳಿಯುವುದು, ನಲವತ್ತನಾಲ್ಕು ಕಿಲೋ ಗಾಳಿಗೆ ಸೇರುವುದು. ಯಾವ ಹೊಸ ಯಂತ್ರ ತಂದರೂ ರಸಾಯನಶಾಸ್ತ್ರದ ಈ ಲೆಕ್ಕ ಬದಲಾಗುವುದಿಲ್ಲ. ಹೀಗೆ ಒಂದು ಟನ್ನು ಸಿಮೆಂಟಿನ ಹಿಂದೆ ಅರ್ಧ ಟನ್ನಿಗೂ ಮಿಕ್ಕಿದ ಇಂಗಾಲಾಮ್ಲ ವಾಯುವಿರುತ್ತದೆ. ಮನುಷ್ಯನು ಜಗತ್ತಿನಾದ್ಯಂತ ಹೊರಬಿಡುವ ಈ ವಾಯುವಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನಿಂದಲೇ ಬರುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸಿಮೆಂಟು ತಯಾರಿಕೆಯಲ್ಲಿ ಚೀನದ ಬಳಿಕ ಎರಡನೆಯ ಸ್ಥಾನ ನಮ್ಮ ದೇಶದ್ದು.

ಸಿಮೆಂಟೊಂದೇ ಅಪರಾಧಿಯಲ್ಲ. ಅದು ಮರಳನ್ನು ಕೇಳುತ್ತದೆ, ಜಲ್ಲಿಯನ್ನು ಕೇಳುತ್ತದೆ. ಪೆರಿಯಾರ್, ಭಾರತಪ್ಪುಳ ಮೊದಲಾದ ನದಿಗಳ ಮರಳನ್ನು ಬಗೆದು ಬಗೆದು ತಳವೇ ಕುಸಿದುದರಿಂದ, ದಡದ ಬಾವಿಗಳ ನೀರು ಆಳಕ್ಕಿಳಿಯಿತು. ಸಮುದ್ರದ ಉಪ್ಪುನೀರು ಹೊಳೆಯೊಳಗೆ ಇನ್ನಷ್ಟು ದೂರಕ್ಕೆ ಏರಿ ಬರತೊಡಗಿತು. ಕೇರಳ ಸರಕಾರವು 2001ರಲ್ಲಿ ನದೀತೀರಗಳ ರಕ್ಷಣೆಗೂ ಮರಳಿನ ನಿಯಂತ್ರಣಕ್ಕೂ ಒಂದು ಕಾನೂನನ್ನೇ ಮಾಡಬೇಕಾಯಿತು. ಹೊಳೆಯ ಮರಳಿಗೆ ತಡೆ ಬಂದ ಮೇಲೆ ಬಂಡೆಯನ್ನು ಒಡೆದು ಮಾಡಿದ ಮರಳು ಬಂದಿತು. ಅಂದರೆ ಹೊಳೆಯ ಮೇಲಿನ ಭಾರವು ಗುಡ್ಡದ ಮೇಲೆ ಬಿದ್ದಿತು. ಪಶ್ಚಿಮಘಟ್ಟದ ಕಲ್ಲುಕೋರೆಗಳಿಗೆ ಮಿತಿಯಿರಬೇಕೆಂದು ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೇ ವರದಿ ಕೊಟ್ಟಿತು. ಆ ವರದಿಗೆ ಘಟ್ಟದ ಎರಡೂ ಕಡೆಗಳಲ್ಲಿ ಯಾವ ಸತ್ಕಾರ ದೊರೆಯಿತೆಂಬುದನ್ನು ವಾಚಕರು ಬಲ್ಲರು.

ಮಟ್ಟಾಂಚೇರಿಯಿಂದ ಹಿನ್ನೀರು ದಾಟಿದರೆ ಮರಡು. ಅಲ್ಲಿ 2020ರ ಜನವರಿ 11 ಮತ್ತು 12ರಂದು ನಡೆದುದನ್ನು ನಮ್ಮಲ್ಲಿ ಅನೇಕರು ಗಲ್ಲೆಯ ಮೇಲಿನ ಟೆಲಿವಿಷನ್ನಿನಲ್ಲಿ ನೋಡಿರಬಹುದು. ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ಮೀರಿ ನೀರಿನ ಅಂಚಿನಲ್ಲಿ ಕಟ್ಟಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು, 2019ರ ಮೇ 8ರ ಸುಪ್ರೀಂ ಕೋರ್ಟಿನ ಆಜ್ಞೆಯಂತೆ, ಸಿಡಿಮದ್ದಿಟ್ಟು ಕೆಡವಲಾಯಿತು. ಮುನ್ನೂರಕ್ಕೂ ಹೆಚ್ಚು ಮನೆಗಳು ಕೆಲವು ಕ್ಷಣಗಳಲ್ಲಿ ಧೂಳಾದವು. ಉಳಿದ ಕಾಂಕ್ರೀಟು ಅವಶೇಷ 70,000 ಟನ್ನಿಗೂ ಮೀರಿತ್ತು. ಆ ಮನೆಗಳನ್ನು ಕೊಂಡವರಲ್ಲಿ ಜೀವಮಾನದ ಉಳಿತಾಯವನ್ನೆಲ್ಲ ಸುರಿದವರಿದ್ದರು. ಅವರ ಕಣ್ಣೀರಿನ ಬಗ್ಗೆ ಪತ್ರಿಕೆಗಳು ಬರೆದುವು, ನ್ಯಾಯವೇ. ಆದರೆ ಆ ರಾಶಿಯ ಒಂದೊಂದು ಟನ್ನಿಗೂ ಯಾವುದೋ ಒಂದು ಗುಡ್ಡ, ಯಾವುದೋ ಒಂದು ಹೊಳೆ ಮೊದಲೇ ತೆರಿಗೆ ಕೊಟ್ಟಿತ್ತೆಂಬುದನ್ನು ಬರೆದವರು ಕಡಿಮೆ. ಊರಿನಲ್ಲಿ ಹೊಳೆಬದಿಯ ಅಗ್ಗದ ಜಾಗಕ್ಕೆ ಮುಂಗಡ ಕೊಡುವ ಮುನ್ನ, ಅದು ನಿಯಂತ್ರಣ ವಲಯದಲ್ಲಿದೆಯೇ ಎಂದು ಪಂಚಾಯತಿಯಲ್ಲಿ ಬರವಣಿಗೆಯ ಮೂಲಕವೇ ಕೇಳಿ ತಿಳಿಯತಕ್ಕದ್ದು. ಬಾಯಿಮಾತಿನ ಭರವಸೆ ಸಾಲದು.

ಇನ್ನು ಇದಕ್ಕೆ ಪ್ರತಿಯಾದ ದೃಷ್ಟಾಂತವನ್ನು ನೋಡೋಣ. ಅದು ತಿರುವನಂತಪುರದಲ್ಲಿದೆ.

ಲಾರಿ ಬೇಕರ್ ಎಂಬವರು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಕಟ್ಟಡ ಶಿಲ್ಪ ಕಲಿತವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನದಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಮರಳುವಾಗ ಮುಂಬಯಿಯಲ್ಲಿ ಹಡಗಿಗಾಗಿ ಕಾಯುತ್ತಿದ್ದರು. ಆಗ ಅವರಿಗೆ ಗಾಂಧೀಜಿಯವರ ದರ್ಶನವಾಯಿತು. ಹಳ್ಳಿಯ ಮನೆಗೆ ಬೇಕಾಗುವ ಸಾಮಾನುಗಳೆಲ್ಲ ಆ ಮನೆಯಿಂದ ಐದು ಮೈಲಿಯೊಳಗೆ ಸಿಗುವಂತಹವೇ ಆಗಿರಬೇಕು ಎಂಬ ಗಾಂಧೀಜಿಯವರ ಅಭಿಪ್ರಾಯವು ಅವರ ಮನಸ್ಸಿನಲ್ಲಿ ನೆಟ್ಟಿತು. ಅವರು 1945ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು, ವೈದ್ಯೆಯಾದ ಎಲಿಜಬೆತ್ ಜೇಕಬ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿಥೋರಾಗಢದಲ್ಲಿ ಬಹುಕಾಲ ಕಳೆದರು. ಇಂಗ್ಲೆಂಡಿನಲ್ಲಿ ಕಲಿತ ವಿದ್ಯೆ ಅಲ್ಲಿ ಬಹಳವೇನೂ ಉಪಯೋಗಕ್ಕೆ ಬರಲಿಲ್ಲ. ಕಲ್ಲು ಮಣ್ಣು ಮರಗಳಿಂದ ಮನೆ ಕಟ್ಟುವ ಬೆಟ್ಟದ ಜನರೇ ಅವರಿಗೆ ಗುರುಗಳಾದರು. ಅನಂತರ ಕೇರಳಕ್ಕೆ ಬಂದು, ಸುಮಾರು 1970ರಿಂದ 2007ರ ಏಪ್ರಿಲ್ 1ರಂದು ತೀರಿಕೊಳ್ಳುವವರೆಗೆ ತಿರುವನಂತಪುರದಲ್ಲಿಯೇ ನೆಲೆಸಿದರು. ಭಾರತದ ಪೌರತ್ವವನ್ನು ಪಡೆದರು. 1990ರಲ್ಲಿ ಪದ್ಮಶ್ರೀ ಬಂದಿತು. ನಾಲಾಂಚಿರದ ಬಂಡೆಗುಡ್ಡದ ಓರೆಯಲ್ಲಿ, ಗುಡ್ಡವನ್ನು ಸಮತಟ್ಟು ಮಾಡಿಸದೆ, ಸ್ವಂತ ಮನೆಯನ್ನು ಕಟ್ಟಿಕೊಂಡರು. ನಮ್ಮಲ್ಲಿ ಜಾಗ ಕೊಂಡವನು ಮೊದಲು ಮಾಡುವ ಕೆಲಸವೇ ಯಂತ್ರ ತರಿಸಿ ಗುಡ್ಡವನ್ನು ನುಣ್ಣಗೆ ಬೋಳಿಸುವುದು.

ಬೇಕರರ ಕೌಶಲವು ಎರಡು ಮೂರು ಸರಳವಾದ ಯುಕ್ತಿಗಳಲ್ಲಿದೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಟೊಳ್ಳು ಉಳಿಯುವಂತೆ ಕಟ್ಟುವುದು ಒಂದು. ಇಲಿಬೋನಿನಂತೆ ಕಾಣುವುದರಿಂದ ಅದಕ್ಕೆ ಅದೇ ಹೆಸರು. ಇದರಿಂದ ಸುಮಾರು ನಾಲ್ಕನೆಯ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ. ಒಳಗಿನ ಗಾಳಿಯು ಬಿಸಿಲಿನ ಕಾವನ್ನು ತಡೆಯುತ್ತದೆ. ಇಟ್ಟಿಗೆ ಉಳಿದರೆ ಅದನ್ನು ಸುಡುವ ಸೌದೆಯೂ ಉಳಿಯಿತಷ್ಟೆ. ಕಿಟಕಿಗೆ ಮರ ಮತ್ತು ಕಬ್ಬಿಣ ಹಾಕುವ ಬದಲು ಇಟ್ಟಿಗೆಗಳ ನಡುವೆಯೇ ತೂತು ಬಿಟ್ಟು ಜಾಲಂದ್ರ ಮಾಡುವುದು ಇನ್ನೊಂದು. ಗೋಡೆಗೆ ಗಿಲಾವು ಬಳಿಯದೆ ಹಾಗೆಯೇ ಬಿಡುವುದು ಮತ್ತೊಂದು.

ಎಲ್ಲಕ್ಕಿಂತ ನಮಗೆ ಹತ್ತಿರವಾದುದು ಅವರ ತಾರಸಿಯ ಯುಕ್ತಿ, ಏಕೆಂದರೆ ಅದರಲ್ಲಿ ನಮ್ಮ ಮಂಗಳೂರು ಹಂಚಿದೆ. ಕಾಂಕ್ರೀಟು ಅದುಮಿದರೆ ತಡೆಯುವ ವಸ್ತು, ಎಳೆದರೆ ಬಿರಿಯುವ ವಸ್ತು. ತಾರಸಿಯ ಮೇಲೆ ಭಾರ ಬಿದ್ದಾಗ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕೆಳಗಿನ ಎಳೆತವನ್ನು ತಡೆಯುವುದು ಕಬ್ಬಿಣದ ಸಲಾಕೆ. ಅಲ್ಲಿರುವ ಕಾಂಕ್ರೀಟಿಗೆ ಸಲಾಕೆಯನ್ನು ಹಿಡಿದಿಡುವುದರ ಹೊರತು ಹೆಚ್ಚು ಕೆಲಸವಿಲ್ಲ. ಹಾಗಾದರೆ ಸಲಾಕೆಗಳ ನಡುವಣ ಚೌಕಗಳಲ್ಲಿ, ಕೆಳಭಾಗದಲ್ಲಿ, ಹಳೆಯ ಹಂಚುಗಳನ್ನು ಎರಡೆರಡಾಗಿ ಮುಚ್ಚಿಟ್ಟು ಮೇಲಿನಿಂದ ಕಾಂಕ್ರೀಟು ಸುರಿದರೇನು? ಹಾಗೆ ಮಾಡಿ ತೋರಿಸಿದರು. ಜನರು ತಾರಸಿ ಹಾಕಿಸುವುದಕ್ಕಾಗಿ ಇಳಿಸಿ ಎಸೆದ ಹಂಚುಗಳೇ ತಾರಸಿಯ ಹೊಟ್ಟೆ ಸೇರಿದುವು.

ಲೆಕ್ಕದ ಮನುಷ್ಯರಿಗಾಗಿ ಇದನ್ನು ಅಂಕಿಗಳಲ್ಲಿ ಹೇಳುತ್ತೇವೆ. ಸಾವಿರ ಚದರಡಿಯ, ಐದಂಗುಲ ದಪ್ಪದ ತಾರಸಿಗೆ ಸುಮಾರು 417 ಘನ ಅಡಿ ಕಾಂಕ್ರೀಟು ಬೇಕು. ಸಾಮಾನ್ಯ ಪಾಕದಲ್ಲಿ ಅದಕ್ಕೆ ತೊಂಬತ್ತಕ್ಕೂ ಹೆಚ್ಚು ಚೀಲ ಸಿಮೆಂಟು ಹಿಡಿಯುತ್ತದೆ. ಹಂಚು ತುಂಬಿದುದರಿಂದ ಕಾಲುಭಾಗ ಉಳಿದರೆ ಇಪ್ಪತ್ತಕ್ಕೂ ಮೇಲ್ಪಟ್ಟು ಚೀಲಗಳು, ಅಂದರೆ ಒಂದು ಟನ್ನಿಗೂ ಮಿಕ್ಕಿದ ಸಿಮೆಂಟು, ಅದಕ್ಕೆ ತಕ್ಕಷ್ಟು ಮರಳು, ಜಲ್ಲಿ ಉಳಿಯಿತು. ತಾರಸಿ ಹಗುರವಾದುದರಿಂದ ಕಬ್ಬಿಣದಲ್ಲಿಯೂ ಸ್ವಲ್ಪ ಉಳಿತಾಯವುಂಟು. ಹಂಚಿನ ಟೊಳ್ಳಿನಿಂದ ಕೋಣೆ ತಂಪಾಗಿರುವುದು ಬೇರೆ. ಆದರೆ ಇದನ್ನು ಇಂಜಿನಿಯರರ ನಕ್ಷೆಯಿಲ್ಲದೆ, ಅಂದಾಜಿನಿಂದ, ಯಾರೂ ಮಾಡಿಸಬಾರದು. ಸಲಾಕೆಯ ಅಂತರ ತಪ್ಪಿದರೆ ಉಳಿಸಿದ ಇಪ್ಪತ್ತು ಚೀಲಕ್ಕೆ ಬೆಲೆಯಿಲ್ಲ.

ಆ ಹಂಚಿನ ಚರಿತ್ರೆಯನ್ನೂ ಇಲ್ಲಿ ಒಂದಿಷ್ಟು ಹೇಳಬೇಕು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ಸ್ಥಾಪಿಸಿದರು. ನದಿಯ ಜೇಡಿ, ಘಟ್ಟದ ಸೌದೆ, ಬಂದರಿನ ಹಡಗು ಮೂರೂ ಒಂದೇ ಕಡೆ ಕೂಡಿದುದರಿಂದ ಅಲ್ಲಿಂದ ಹಂಚು ನಾನಾ ದೇಶಗಳಿಗೆ ಹೋಯಿತು. ಕಲ್ಲಿಕೋಟೆ, ಫರೋಕುಗಳಲ್ಲಿಯೂ ಅದೇ ಮಾದರಿಯ ಕಾರ್ಖಾನೆಗಳು ಎದ್ದುವು. ಕನ್ನಡದ ಹೋಟೆಲಿಗನು ತನ್ನ ಇಡ್ಲಿ ಸಾಂಬಾರಿನೊಡನೆ ಕರಾವಳಿ ಹಿಡಿದು ತೆಂಕಣಕ್ಕೆ ಬರುವ ಮೊದಲೇ ನಮ್ಮ ಊರಿನ ಹಂಚು ಬಂದು ಇಲ್ಲಿಯ ಮನೆಗಳನ್ನು ಹೊದೆಯತೊಡಗಿತ್ತು. ಈಗ ಆ ಕಾರ್ಖಾನೆಗಳಲ್ಲಿ ಹಲವು ಮುಚ್ಚಿವೆ. ಹಂಚೂ ನಿಷ್ಪಾಪಿಯೆಂದು ನಾವು ಹೇಳುವುದಿಲ್ಲ. ಅದಕ್ಕೂ ಗದ್ದೆಯ ಮಣ್ಣು ಹೋಯಿತು, ಕಾಡಿನ ಸೌದೆ ಉರಿಯಿತು. ಆದರೆ ಒಮ್ಮೆ ಸುಟ್ಟ ಹಂಚು ಎರಡು ತಲೆಮಾರು ಬಾಳಿ, ಮನೆ ಬಿದ್ದ ಮೇಲೂ ಇನ್ನೊಂದು ಮನೆಗೆ ಏರುತ್ತದೆ. ಒಡೆದ ಕಾಂಕ್ರೀಟಿಗೆ ಆ ಭಾಗ್ಯವಿಲ್ಲವೆಂಬುದನ್ನು ಮರಡುವಿನಲ್ಲಿ ಕಂಡೆವು.

ತಿರುವನಂತಪುರಕ್ಕೆ ಕೆಲಸದ ಮೇಲೆ ಹೋಗುವವರು ತಂಪಾನೂರಿನಲ್ಲಿ, ರೈಲ್ವೆ ಸ್ಟೇಶನ್ನಿನ ಎದುರು ಬಸ್ ನಿಲ್ದಾಣದ ಪಕ್ಕದಲ್ಲಿ, ಕೆಂಪು ಬಣ್ಣದ ಗುಂಡಗಿನ ಗೋಪುರದಂತಹ ಕಟ್ಟಡವೊಂದನ್ನು ಕಂಡಿರುವರು. ಅದು ಇಂಡಿಯನ್ ಕಾಫಿ ಹೌಸು, ಬೇಕರರ ಕೃತಿ. ಹೋಟೆಲು ವ್ಯವಹಾರದವರು ಅದನ್ನು ನಮ್ಮ ಕಣ್ಣಿನಿಂದಲೇ ನೋಡತಕ್ಕದ್ದು. ಅದರೊಳಗೆ ಮೆಟ್ಟಿಲಿಲ್ಲ. ನೆಲವೇ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತ ಮೇಲಕ್ಕೇರುತ್ತದೆ; ಹೊರಗೋಡೆಯ ಉದ್ದಕ್ಕೂ ಕಟ್ಟೆಯಂತೆ ಕಟ್ಟಿದ ಮೇಜು, ಕಟ್ಟಿದ ಆಸನ. ದಾರಿ ಇಳಿಜಾರಾಗಿದ್ದರೂ ಮೇಜು ಸಮವಾಗಿರುವುದರಿಂದ ಕಾಫಿ ಚೆಲ್ಲುವುದಿಲ್ಲ. ಕಟ್ಟಿದ ಮೇಜು ಮುರಿಯುವುದಿಲ್ಲ, ಕುರ್ಚಿ ಎಳೆದಾಡಿ ನೆಲ ಸವೆಯುವುದಿಲ್ಲ. ವರ್ಷಕ್ಕೊಮ್ಮೆ ಬಡಗಿಯನ್ನು ಕರೆಯುವ ಖರ್ಚು ಎಷ್ಟೆಂದು ಗಲ್ಲೆಯ ಮೇಲೆ ಕುಳಿತವರಿಗೆ ಗೊತ್ತು. ಗೋಡೆಯ ತುಂಬ ಚಿಕ್ಕ ಚಿಕ್ಕ ತೂತುಗಳು. ಬೆಳಕೂ ಗಾಳಿಯೂ ಅವುಗಳ ಮೂಲಕವೇ ಬರುತ್ತವೆ. ಚಿಕ್ಕದೊಂದು ನಿವೇಶನದಲ್ಲಿ ಅಷ್ಟು ಜನರನ್ನು ಕುಳ್ಳಿರಿಸಿರುವ ಜಾಣತನವನ್ನು ಯಾವ ಹೋಟೆಲಿಗನಾದರೂ ಮೆಚ್ಚಬೇಕು. ಒಂದೇ ಒಂದು ದೂರು ಉಂಟು, ಅದು ಸಪ್ಲಾಯರುಗಳ ಪರವಾಗಿ: ಟ್ರೇ ಹಿಡಿದು ದಿನವೆಲ್ಲ ಆ ಏರು ಹತ್ತಿ ಇಳಿಯುವ ಕಾಲುಗಳನ್ನು ಶಿಲ್ಪಿಯು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಈ ಕಾಫಿ ಹೌಸುಗಳ ಹಿಂದೆ ಕನ್ನಡ ನಾಡಿನ ನಂಟೂ ಇದೆ. ಕಾಫಿ ಬೋರ್ಡು ತನ್ನ ಹೌಸುಗಳನ್ನು ಮುಚ್ಚಿ ನೌಕರರನ್ನು ಹೊರಗೆ ಹಾಕಿದಾಗ, ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂತಹ ಮೊದಲ ಸಂಘ ಹುಟ್ಟಿದುದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ; ಕೇರಳದ ಮೊದಲ ಕಾಫಿ ಹೌಸು 1958ರಲ್ಲಿ ತೃಶೂರಿನಲ್ಲಿ ತೆರೆಯಿತು. ಕಾಫಿ ಹಂಚುವ ಕೆಲಸಗಾರರೇ ಒಡೆಯರಾದ ಸಂಸ್ಥೆಯು ಇಂತಹ ಕಟ್ಟಡದಲ್ಲಿ ನಡೆಯುತ್ತಿರುವುದು ಒಪ್ಪುವ ಮಾತೇ.

ಬೇಕರರು ಒಂಟಿಯಾಗಿ ಉಳಿಯಲಿಲ್ಲ. ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೆನೋನ್, ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಇವರು ಅವರ ಬೆನ್ನಿಗೆ ನಿಂತರು. ಉಳ್ಳೂರಿನ ಗುಡ್ಡದ ಮೇಲೆ ರಾಜ್ ಅವರ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಬೇಕರರು ಮರಗಳ ನಡುವೆ ಕಟ್ಟಿದರು. 1985ರಲ್ಲಿ ಇವರೆಲ್ಲರೂ ಸೇರಿ ಸ್ಥಾಪಿಸಿದ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆಯು ಇಂದಿಗೂ ಬಡವರಿಗೂ ಮಧ್ಯಮ ವರ್ಗದವರಿಗೂ ಇದೇ ಕ್ರಮದಲ್ಲಿ ಮನೆ ಕಟ್ಟಿಕೊಡುತ್ತಿದೆ. ನಮ್ಮ ಕಡೆಯಲ್ಲಿಯೂ ಈ ವಿದ್ಯೆ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಪ್ರಾರಂಭಿಸಿದ ‘ಅಸ್ತ್ರ’ ಎಂಬ ವಿಭಾಗವು, ಕೆ. ಎಸ್. ಜಗದೀಶ್ ಮುಂತಾದವರ ಶ್ರಮದಿಂದ, ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆ ಮಾಡುವ ಕ್ರಮವನ್ನು ಬಳಕೆಗೆ ತಂದಿತು. ಕಡಿಮೆ ಸೌದೆಯ ಅಸ್ತ್ರ ಒಲೆಯ ಹೆಸರನ್ನು ಕೇಳಿದ ಅಡುಗೆಯವರು ನಮ್ಮಲ್ಲಿ ಇದ್ದಾರು; ಅದೇ ಮನೆಯ ಇನ್ನೊಂದು ಕೂಸು ಇದು.

ಆದರೆ ಉಡುಪಿ, ಕುಂದಾಪುರ, ಕಾಸರಗೋಡಿನವರಿಗೆ ಇಟ್ಟಿಗೆಯ ಚಿಂತೆಯೇ ಬೇಡ. ನಮಗೆ ದೇವರು ಕೊಟ್ಟ ಮುರಕಲ್ಲು ಇದೆ. ಮಲೆಯಾಳಿಗಳು ಇದನ್ನು ವೆಟ್ಟುಕಲ್ಲು ಎನ್ನುತ್ತಾರೆ. ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಸರಕಾರದ ವೈದ್ಯನು, ಮಲಪ್ಪುರದ ಅಂಗಾಡಿಪ್ಪುರದಲ್ಲಿ ಜನರು ಇದನ್ನು ಮೆತ್ತಗಿರುವಾಗ ಕತ್ತರಿಸಿ, ಗಾಳಿಗೆ ಒಡ್ಡಿ ಗಟ್ಟಿಯಾದ ಮೇಲೆ ಇಟ್ಟಿಗೆಯಂತೆ ಬಳಸುವುದನ್ನು ಕಂಡು, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆಲ್ಲ ಹೋಯಿತು. ಬೆಂಕಿಯ ಹಂಗಿಲ್ಲದ ಈ ಕಲ್ಲಿನ ಗೋಡೆಗೆ ಸಿಮೆಂಟಿನ ಗಿಲಾವು ಬಳಿದು, ಮೇಲೆ ಬಣ್ಣ ಬಳಿದು, ಅದು ಮುರಕಲ್ಲೆಂಬುದೇ ತಿಳಿಯದಂತೆ ಮಾಡುವುದರಲ್ಲಿ ನಾವು ದೊಡ್ಡಸ್ತಿಕೆಯನ್ನು ಕಾಣುತ್ತೇವೆ. ಮಾಡಿನ ಸೂರನ್ನು ಎರಡೂವರೆ ಮೂರು ಅಡಿ ಮುಂದಕ್ಕೆ ಚಾಚಿ ಮಳೆಯ ಇರಚಲು ತಡೆದರೆ ಗಿಲಾವಿನ ಖರ್ಚು ಪೂರ್ತಿ ಉಳಿಯುತ್ತದೆ. ಮುರಕಲ್ಲನ್ನೂ ಮನಬಂದಂತೆ ತೆಗೆಯಬಹುದೆಂದಲ್ಲ. ಮಳೆಯ ನೀರನ್ನು ಹೀರಿ ಕೆಳಗಿನ ಬಾವಿಗಳಿಗೆ ಕೊಡುವುದು ಆ ಗುಡ್ಡವೇ. ಯಂತ್ರದಿಂದ ಕೊರೆದು ಮುಚ್ಚದೆ ಬಿಟ್ಟ ಹೊಂಡಗಳು ನಮ್ಮ ಮಕ್ಕಳಿಗೂ ದನಗಳಿಗೂ ಅಪಾಯವಾಗಿವೆ. ಬೇಕಾದಷ್ಟೇ ಕಲ್ಲು, ಹತ್ತಿರದ ಕೋರೆಯಿಂದ.

ಹಂಚಿನ ಮಾಡನ್ನು ಜನರು ಬಿಟ್ಟುದಕ್ಕೆ ಕಾರಣಗಳಿಲ್ಲವೇ? ಇವೆ. ಮಂಗಗಳು ಹಂಚು ಒಡೆಯುತ್ತವೆ. ಪ್ರತಿ ಮಳೆಗಾಲದ ಮುಂಚೆ ಮಾಡು ಹತ್ತಿ ಹಂಚು ಸರಿಪಡಿಸುವ ಕೆಲಸದವರು ಸಿಗುವುದಿಲ್ಲ. ಪಕಾಸು ರೀಪುಗಳಿಗೆ ಒಳ್ಳೆಯ ಮರ ದುಬಾರಿ. ವಯಸ್ಸಾದ ತಾಯಿತಂದೆಗಳನ್ನು ಮಾತ್ರ ಊರಿನಲ್ಲಿ ಬಿಟ್ಟು ಬಂದವರಿಗೆ ಇವು ಸಣ್ಣ ಮಾತುಗಳಲ್ಲ. ಆದರೆ ಇನ್ನೊಂದು ಕಾರಣವುಂಟು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಣ್ಣು ಕೊಡುವವರು ಮೊದಲು ಕೇಳುವುದು ‘ಮನೆ ತಾರಸಿಯೋ ಹಂಚೋ?’ ಎಂದು. ಈ ಪ್ರಶ್ನೆಗೆ ಉತ್ತರವಾಗಿಯೇ ಎಷ್ಟೋ ಸಾಲಗಳು ಹುಟ್ಟಿವೆ. ತಮಾಷೆಯೆಂದರೆ, ತಾರಸಿ ಹಾಕಿ ಹತ್ತು ವರ್ಷವಾಗುವುದರೊಳಗೆ ಸೋರತೊಡಗಿ, ಕಾವು ತಾಳಲಾರದೆ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಕಟ್ಟಿಸುತ್ತಾರೆ. ಕೇರಳದಲ್ಲಿಯೂ ನಮ್ಮ ಜಿಲ್ಲೆಗಳಲ್ಲಿಯೂ ಬೀದಿಯುದ್ದಕ್ಕೂ ಇದೇ ನೋಟ. ಒಂದು ಮನೆಗೆ ಎರಡು ಮಾಡುಗಳ ಖರ್ಚು! ಹಂಚು ತುಂಬಿದ ತಾರಸಿಯನ್ನು ಸ್ವಲ್ಪ ಓರೆಯಾಗಿ ಹಾಕಿಸಿದರೆ ಮಂಗನ ಭಯವೂ ಇಲ್ಲ, ನೀರು ನಿಲ್ಲುವ ಭಯವೂ ಇಲ್ಲ, ಕೇಳುವ ಬೀಗರಿಗೆ ತಾರಸಿಯೆಂದು ಉತ್ತರ ಕೊಟ್ಟರೆ ಸುಳ್ಳೂ ಆಗುವುದಿಲ್ಲ.

ಮಟ್ಟಾಂಚೇರಿಯಲ್ಲಿಯೇ ಕಣ್ಣು ತೆರೆದು ನಡೆದರೆ ಕಲಿಯಬೇಕಾದುದು ಎಷ್ಟೋ ಇದೆ. ಇಲ್ಲಿಯ ಅರಮನೆಯನ್ನು ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟರು. 1663ರಲ್ಲಿ ಡಚ್ಚರು ದುರಸ್ತಿ ಮಾಡಿದುದರಿಂದ ಡಚ್ ಅರಮನೆಯೆಂದು ಹೆಸರಾಯಿತು. ಅದರ ನೆಲ ಕರಿಯ ಅಮೃತಶಿಲೆಯಂತೆ ಹೊಳೆಯುತ್ತದೆ. ಶಿಲೆಯಲ್ಲ, ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡಗಳ ರಸ, ಮೊಟ್ಟೆಯ ಬಿಳಿ ಇವುಗಳ ಪಾಕ. ಎಲ್ಲವೂ ಐದು ಮೈಲಿಯೊಳಗಿನ ಸಾಮಾನು. ಚಿಪ್ಪಿಯನ್ನು ಸುಟ್ಟ ಸುಣ್ಣವೂ ಸುಡುವಾಗ ಇಂಗಾಲಾಮ್ಲ ವಾಯುವನ್ನು ಬಿಡುತ್ತದೆ ನಿಜ; ಆದರೆ ಗೋಡೆಗೇರಿದ ಮೇಲೆ ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಹೀರಿಕೊಂಡು ಕಲ್ಲಾಗುತ್ತದೆ. ಇದಕ್ಕೆ ಪ್ರತಿಯಾಗಿ, ಉಪ್ಪುಗಾಳಿಯಲ್ಲಿ ಕಾಂಕ್ರೀಟಿನ ಒಳಗಣ ಕಬ್ಬಿಣ ತುಕ್ಕು ಹಿಡಿದು, ಊದಿ, ತಾರಸಿಯ ತಳವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಬಾಡಿಗೆ ಕೋಣೆಯಲ್ಲಿ ಅಂಗಾತ ಮಲಗುವ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಬೀದಿಯ ಹಳೆಯ ಮೆಣಸು ಶುಂಠಿಗಳ ಗುದಾಮುಗಳು ದಪ್ಪಗೋಡೆ, ಹಂಚಿನ ಮಾಡುಗಳೊಡನೆ ನಿಂತಿವೆ. 2012ರ ಡಿಸೆಂಬರಿನಲ್ಲಿ ಪ್ರಾರಂಭವಾದ ಕೊಚ್ಚಿ–ಮುಜಿರಿಸ್ ಕಲಾಪ್ರದರ್ಶನಕ್ಕೆ ಅಂತಹವೇ ಹಳೆಯ ಕಟ್ಟಡಗಳು ಒದಗಿದುವು. ಕೆಡವಿ ಹೊಸತು ಕಟ್ಟಿದ್ದರೆ ಎಷ್ಟು ಸಾವಿರ ಚೀಲ ಬೇಕಾಗುತ್ತಿತ್ತು?

ಈ ಬೇಸಿಗೆಯಲ್ಲಿ ಕೆಲಸ ತೊಡಗಿಸುವವರು ಮೇಸ್ತ್ರಿಯೊಡನೆ ಮಾತಾಡುವಾಗ ಕೇಳಬೇಕಾದುದು ಇಷ್ಟು. ಹಳೆಯ ಮನೆಯಿದ್ದರೆ ಅದರ ಕಲ್ಲು, ಬಾಗಿಲು, ಹಂಚುಗಳಲ್ಲಿ ಎಷ್ಟನ್ನು ಪುನಃ ಉಪಯೋಗಿಸಬಹುದು? ಮಂಗಳೂರು ಕಡೆಯಲ್ಲಿಯೂ ಕೇರಳದಲ್ಲಿಯೂ ಹಳೆಯ ಹಂಚು, ಮರ, ಕಿಟಕಿಗಳನ್ನು ಮಾರುವ ಅಂಗಡಿಗಳೇ ಇವೆ. ಸಿಮೆಂಟಿನಲ್ಲಿ ಹಾರುಬೂದಿ ಬೆರೆಸಿದ ಪೊಜೊಲಾನಾ ಜಾತಿಯದನ್ನು ತರಿಸಬಹುದೆ? ಅದರಲ್ಲಿ ಶೇಕಡಾ 35ರವರೆಗೂ ವಿದ್ಯುತ್ ಸ್ಥಾವರದ ಬೂದಿಯಿರಬಹುದು, ಸುಟ್ಟ ಸುಣ್ಣದ ಕಲ್ಲಿನ ಭಾಗ ಅಷ್ಟು ಕಡಿಮೆ. ಗೋಡೆ ಗಿಲಾವುಗಳಿಗೆ ಧಾರಾಳವಾಗಿ ಸಾಕು, ಮೊದಲ ದಿನಗಳಲ್ಲಿ ನೀರು ಹಾಯಿಸುವುದರಲ್ಲಿ ಮಾತ್ರ ಜಿಪುಣತನ ಕೂಡದು. ಎಷ್ಟು ಕೋಣೆ ಎಂಬುದನ್ನೂ ಕೇಳಿಕೊಳ್ಳಬೇಕು. ಇಬ್ಬರು ಮುದುಕರು ವಾಸಿಸುವ ಮನೆಗೆ ಆರು ಕೋಣೆ, ಎರಡು ಮಾಳಿಗೆ, ವರ್ಷಕ್ಕೆ ಹದಿನೈದು ದಿನದ ರಜೆಗಾಗಿ! ಮೇಸ್ತ್ರಿ ‘ಅದೆಲ್ಲ ಇಲ್ಲಿ ಯಾರೂ ಮಾಡಿಸುವುದಿಲ್ಲ ಸ್ವಾಮಿ’ ಎಂದರೆ, ಮುಂದಿನ ಸಲ ತಿರುವನಂತಪುರದ ರೈಲಿನಿಂದ ಇಳಿದಾಗ ರಸ್ತೆ ದಾಟಿ ತಂಪಾನೂರಿನ ಕಾಫಿ ಹೌಸಿಗೆ ಹೋಗಿ, ಮೇಲಿನ ಸುತ್ತಿನವರೆಗೆ ನಡೆದು, ಒಂದು ಕಾಫಿ ಕುಡಿದು, ಜಾಲಂದ್ರಗಳ ಒಂದೆರಡು ಫೋಟೋ ತೆಗೆದು ಅವನ ಫೋನಿಗೆ ಕಳುಹಿಸಿರಿ. ಇಳಿಯುವಾಗ ಎದುರು ಬರುವ ಸಪ್ಲಾಯರಿಗೆ ದಾರಿ ಬಿಡಿರಿ. ಅವನ ಕೈ ತುಂಬಿರುತ್ತದೆ.